ಹೆಸರಿಡುವ ಕೈ ಯಾರದು?

1

ನೆಲದ ಮೇಲೆ ಗೆರೆ ಎಳೆಯುವುದು ಒಂದು ಕೆಲಸ. ಆ ಗೆರೆಯ ಒಳಗಿನ ನೆಲಕ್ಕೆ ಹೆಸರಿಡುವುದು ಇನ್ನೊಂದು ಕೆಲಸ. ಆ ನೆಲಕ್ಕೆ ದಾರಿ ಮಾಡಿ ಬಸ್ಸು ಬಿಡುವುದು ಮೂರನೆಯದು. ಈ ಮೂರನ್ನೂ ನಮ್ಮ ನಾಡಿನಲ್ಲಿ ಯಾರು ಮಾಡುತ್ತ ಬಂದರು, ಯಾರನ್ನು ಕೇಳದೆ ಮಾಡುತ್ತ ಬಂದರು ಎಂಬುದು ನಮಗೆ ಗೊತ್ತು. ಆದರೆ ಗೊತ್ತಿರುವುದನ್ನೇ ಹೊಸದಾಗಿ ನೋಡಬೇಕಾದರೆ ಒಮ್ಮೊಮ್ಮೆ ಒಂದು ಆಟದ ಮುಂದೆ ಕೂರಬೇಕಾಗುತ್ತದೆ.

ನಾವು ಹೇಳುತ್ತಿರುವುದು ಕಂಪ್ಯೂಟರಿನಲ್ಲಿ ಆಡುವ ‘ಸಿಟೀಸ್: ಸ್ಕೈಲೈನ್ಸ್’ ಎಂಬ ಆಟದ ಮಾತು. ಫಿನ್ಲೆಂಡಿನ ತಾಂಪೆರೆ ಪಟ್ಟಣದ ಕೊಲಾಸಲ್ ಆರ್ಡರ್ ಎಂಬ ಸಣ್ಣ ಕಂಪನಿ ಇದನ್ನು ಮಾಡಿತು. 2015ರ ಮಾರ್ಚಿನಲ್ಲಿ ಸ್ವೀಡನ್ನಿನ ಪ್ಯಾರಡಾಕ್ಸ್ ಇಂಟರ್ಯಾಕ್ಟಿವ್ ಹೊರತಂದಿತು. ಇದೇ ಕಂಪನಿ 2011ರಲ್ಲಿ ‘ಸಿಟೀಸ್ ಇನ್ ಮೋಷನ್’ ಎಂಬ ಆಟ ಮಾಡಿತ್ತು. ಅದರಲ್ಲಿ ಊರು ಕಟ್ಟುವ ಕೆಲಸವಿರಲಿಲ್ಲ. ಇದ್ದ ಊರಿನಲ್ಲಿ ಬಸ್ಸು, ಟ್ರಾಮು, ಮೆಟ್ರೋ ಓಡಿಸುವುದೇ ಆಟ. ಆ ಅನುಭವದ ಮೇಲೆ ಈ ದೊಡ್ಡ ಆಟ ನಿಂತಿದೆ. ಹಾಸ್ಟೆಲ್ಲುಗಳಲ್ಲಿ ನಾಲ್ಕೈದು ಹುಡುಗರು ಒಂದೇ ಕಂಪ್ಯೂಟರಿಗೆ ಮುಗಿಬಿದ್ದು ಬೆಳಗಾಗುವ ತನಕ ಆಡುವುದುಂಟು. ಇದೆಲ್ಲ ಬರೀ ಶೋಕಿ, ಹೊಟ್ಟೆ ತುಂಬಿದೋರ ಕಾಲಹರಣ ಅಂತ ತಳ್ಳಿಹಾಕುವ ಗೆಳೆಯರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಒಂದು ಸಮಾಜ ತನ್ನ ಮಕ್ಕಳಿಗೆ ಯಾವ ಆಟ ಕೊಡುತ್ತದೋ ಆ ಆಟದೊಳಗೆ ತನ್ನ ನ್ಯಾಯವನ್ನೂ ಇಟ್ಟು ಕೊಡುತ್ತದೆ. ಚೌಕಾಬಾರದಲ್ಲಿ ಕಾಯಿ ಕಡಿಯುವ ನಿಯಮ ಇದ್ದ ಹಾಗೆ ಇಲ್ಲೂ ನಿಯಮಗಳಿವೆ. ಆ ನಿಯಮಗಳನ್ನು ಓದೋಣ.

2

ಆಟ ಶುರುವಾದಾಗ ಹೆಚ್ಚುಕಡಿಮೆ 2 ಕಿಲೋಮೀಟರ್ ಉದ್ದ, 2 ಕಿಲೋಮೀಟರ್ ಅಗಲದ ಒಂದು ತುಂಡು ಭೂಮಿ ಸಿಗುತ್ತದೆ. ಮರ ಇವೆ, ನೀರು ಇದೆ, ಅಂಚಿನಲ್ಲಿ ಹೆದ್ದಾರಿ ಇದೆ. ಮನುಷ್ಯರಿಲ್ಲ. ಆಡುವವನು ಹೆದ್ದಾರಿಯಿಂದ ಒಂದು ರಸ್ತೆ ಎಳೆಯುತ್ತಾನೆ. ರಸ್ತೆಯ ಎರಡೂ ಬದಿಯಲ್ಲಿ ಚೌಕಗಳು ಮೂಡುತ್ತವೆ. ಮನೆ ಬೇಕಾದ ಕಡೆ ಹಸಿರು ಬಳಿಯಬೇಕು, ಅಂಗಡಿ ಬೇಕಾದ ಕಡೆ ನೀಲಿ, ಕಾರ್ಖಾನೆ ಬೇಕಾದ ಕಡೆ ಹಳದಿ. ನೀರು, ಕರೆಂಟು ಕೊಟ್ಟರೆ ಸಾಕು, ಹೆದ್ದಾರಿಯಲ್ಲಿ ಜನ ಬಂದು ಮನೆ ತುಂಬುತ್ತಾರೆ. ಎಲ್ಲಿಂದ ಬಂದರು ಅಂತ ಯಾರೂ ಕೇಳುವುದಿಲ್ಲ. ಬರುವಾಗ ಏನನ್ನು ಬಿಟ್ಟು ಬಂದರು ಅಂತಲೂ ಕೇಳುವುದಿಲ್ಲ.

ಊರು ಸ್ವಲ್ಪ ಬೆಳೆದ ಮೇಲೆ ಇನ್ನೊಂದು ಬ್ರಶ್ಶು ಕೈಗೆ ಬರುತ್ತದೆ. ಅದರ ಹೆಸರು ಡಿಸ್ಟ್ರಿಕ್ಟ್. ಜಿಲ್ಲೆ ಅಂದುಕೊಳ್ಳಬೇಡಿ, ಊರೊಳಗಿನ ಬಡಾವಣೆ. ಈ ಬ್ರಶ್ಶಿನಿಂದ ಮನೆ, ರಸ್ತೆಗಳ ಮೇಲೆ ಒಮ್ಮೆ ಸವರಿದರೆ ಅಷ್ಟು ಜಾಗ ಒಂದು ಬಡಾವಣೆಯಾಗುತ್ತದೆ. ಅದಕ್ಕೆ ಆಟವೇ ಒಂದು ಹೆಸರು ಇಟ್ಟುಬಿಡುತ್ತದೆ. ಇಷ್ಟವಾಗದಿದ್ದರೆ ಹೆಸರಿನ ಮೇಲೆ ಒತ್ತಿ ಬೇರೆ ಬರೆಯಬಹುದು. ಬಡಾವಣೆ ಬೇಡವೆನಿಸಿದರೆ ಅಳಿಸಬಹುದು. ಒಂದೊಂದು ಬಡಾವಣೆಗೆ ಒಂದೊಂದು ಕಾನೂನು ಮಾಡಬಹುದು. ಇಲ್ಲಿ ಭಾರಿ ಲಾರಿ ಬರಕೂಡದು. ಇಲ್ಲಿ ಎತ್ತರದ ಕಟ್ಟಡ ಏಳಕೂಡದು. ಇಲ್ಲಿನವರಿಗೆ ಬಸ್ಸು ಪುಕ್ಕಟೆ. ಎಲ್ಲವೂ ಒಂದೊಂದು ಒತ್ತಿನ ಕೆಲಸ.

ಇದರಲ್ಲಿ ಒಂದು ವಿಚಿತ್ರ ಇದೆ. ಕಾನೂನು ಬದಲಾಯಿಸಿದರೆ ಊರಿನಲ್ಲಿ ಏನಾದರೂ ಬದಲಾಗುತ್ತದೆ. ಲಾರಿ ಬೇರೆ ದಾರಿ ಹಿಡಿಯುತ್ತದೆ, ಖಜಾನೆಯಿಂದ ದುಡ್ಡು ಹೋಗುತ್ತದೆ. ಹೆಸರು ಬದಲಾಯಿಸಿದರೆ ಏನೂ ಆಗುವುದಿಲ್ಲ. ಬಡಾವಣೆಯನ್ನು ‘ಸ್ವರ್ಗ’ ಎಂದು ಕರೆಯಿರಿ, ‘ತಿಪ್ಪೆ’ ಎಂದು ಕರೆಯಿರಿ, ನೆಲದ ಬೆಲೆ ಒಂದು ಕಾಸೂ ಆಚೀಚೆ ಆಗುವುದಿಲ್ಲ. ಯಾರೂ ಮನೆ ಖಾಲಿ ಮಾಡುವುದಿಲ್ಲ. ಅರ್ಜಿಯಲ್ಲಿ ಆ ವಿಳಾಸ ಬರೆಯಲು ಯಾರ ಪೆನ್ನೂ ಒಂದು ಗಳಿಗೆ ನಿಲ್ಲುವುದಿಲ್ಲ. ಆ ಊರಿನಲ್ಲಿ ಹೆಸರಿಗೆ ತೂಕವೇ ಇಲ್ಲ.

ಬಸ್ಸಿನ ದಾರಿಗಳ ಕತೆಯೂ ಇದೇ. ಒಂದು ಡಿಪೋ ಕಟ್ಟಿ, ರಸ್ತೆಯ ಮೇಲೆ ಒಂದೊಂದೇ ನಿಲ್ದಾಣ ಒತ್ತುತ್ತ ಹೋಗಿ, ಕೊನೆಗೆ ಮೊದಲ ನಿಲ್ದಾಣಕ್ಕೇ ಬಂದು ಗಂಟು ಹಾಕಿದರೆ ಒಂದು ಮಾರ್ಗ ಸಿದ್ಧ. ಆಟ ಅದಕ್ಕೆ ‘ಬಸ್ ಲೈನ್ 1’ ಎಂದು ಹೆಸರು ಕೊಡುತ್ತದೆ. ಮುಂದಿನದು 2, ಅದರ ಮುಂದಿನದು 3. ನಾಲ್ಕೈದು ಮಾರ್ಗ ಇರುವ ತನಕ ಇದು ನಡೆಯುತ್ತದೆ. ಮೂವತ್ತಾದ ಮೇಲೆ ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದು ಆಡುವವನಿಗೇ ಮರೆತುಹೋಗುತ್ತದೆ. ಆಗ ಅವನು ಹೆಸರಿಡಲು ಶುರುಮಾಡುತ್ತಾನೆ. ಹೊರಡುವ ಬಡಾವಣೆ, ಮುಟ್ಟುವ ಬಡಾವಣೆ ಎರಡನ್ನೂ ಬರೆಯುತ್ತಾನೆ. ಇಲ್ಲವೇ ಬಡಾವಣೆಯ ಮೊದಲ ಅಕ್ಷರಕ್ಕೆ ಒಂದು ಸಂಖ್ಯೆ ಸೇರಿಸುತ್ತಾನೆ. ಊರ ನಡುವೆ ಹಾಯುವ ದೊಡ್ಡ ಮಾರ್ಗಗಳಿಗೆ ಒಂದು ಬಣ್ಣ, ಬಡಾವಣೆಯೊಳಗೆ ಸುತ್ತಿ ಮೆಟ್ರೋ ನಿಲ್ದಾಣಕ್ಕೆ ಜನರನ್ನು ತಂದುಬಿಡುವ ಸಣ್ಣ ಮಾರ್ಗಗಳಿಗೆ ಇನ್ನೊಂದು ಬಣ್ಣ. ಪಟ್ಟಿ ತೆರೆದರೆ ಯಾವ ಮಾರ್ಗದಲ್ಲಿ ಎಷ್ಟು ಬಸ್ಸು, ಎಷ್ಟು ಜನ ಎಂಬುದು ಸಾಲಾಗಿ ಕಾಣುತ್ತದೆ.

ಇದು ಒಳ್ಳೆಯ ಕೆಲಸವೇ. ಹೆಸರು ಅಂದರೆ ನೆನಪಿನ ಉಪಕರಣ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಓಡುವ ಬಸ್ಸುಗಳಿಗೆ 500ರ ಸಂಖ್ಯೆಗಳು ಯಾಕೆ ಅಂತ ಕೇಳಿದರೆ ದಿನಾ ಓಡಾಡುವ ಗಾರ್ಮೆಂಟ್ ಹೆಣ್ಣುಮಗಳೊಬ್ಬಳು ಕಣ್ಣು ಮುಚ್ಚಿ ಹೇಳಿಯಾಳು. ಅಕ್ಷರ ಬಾರದವರೂ ಬಸ್ಸಿನ ಅಂಕಿಯನ್ನು ಮುಖದ ಹಾಗೆ ಗುರುತು ಹಿಡಿಯುತ್ತಾರೆ. ಮಾರ್ಗಕ್ಕೆ ಸರಿಯಾದ ಹೆಸರಿಡುವುದು ಹತ್ತುವವನಿಗೆ ಸಲ್ಲಿಸುವ ಮರ್ಯಾದೆ.

ಆದರೆ ಆಟದಲ್ಲಿ ಹತ್ತುವವನು ಯಾರು? ಅಲ್ಲಿನ ಒಬ್ಬೊಬ್ಬ ಮನುಷ್ಯನಿಗೂ ಹೆಸರಿದೆ. ಅವನ ಮೇಲೆ ಒತ್ತಿದರೆ ಮನೆ ಎಲ್ಲಿ, ಕೆಲಸ ಎಲ್ಲಿ, ಈಗ ಎಲ್ಲಿಗೆ ಹೊರಟಿದ್ದಾನೆ ಎಂಬುದು ಕಾಣುತ್ತದೆ. ಅವನ ಹೆಸರನ್ನೂ ನಾವು ಬದಲಾಯಿಸಬಹುದು. ಅವನನ್ನು ಕೇಳಬೇಕಾಗಿಲ್ಲ. ಅವನು ಬಸ್ಸನ್ನು ಆರಿಸುವುದು ದಾರಿಯ ಲೆಕ್ಕ ನೋಡಿ, ಹೆಸರು ಓದಿ ಅಲ್ಲ. ಅಂದರೆ ಆ ಊರಿನಲ್ಲಿ ಬೋರ್ಡು ಓದುವವನು ಒಬ್ಬನೇ ಒಬ್ಬ. ಅವನು ಬೋರ್ಡು ಬರೆದವನೇ. ಲಕ್ಷ ಜನ ಇರುವ ಊರಿನ ಹೆಸರುಗಳೆಲ್ಲ ಮೇಲೆ ಕೂತು ನೋಡುವ ಒಬ್ಬನ ಅನುಕೂಲಕ್ಕೆ ಇವೆ.

ಗೆಳೆಯರೆ, ಈ ಮಾತು ಎಲ್ಲೋ ಕೇಳಿದ ಹಾಗೆ ಇದೆ ಅಲ್ಲವೆ?

3

ಮನುಸ್ಮೃತಿಯ 2ನೇ ಅಧ್ಯಾಯದ 31ನೇ ಶ್ಲೋಕ ಮಕ್ಕಳಿಗೆ ಹೆಸರಿಡುವ ಕ್ರಮ ಹೇಳುತ್ತದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದು ಬಲ ಸೂಚಿಸಬೇಕು, ವೈಶ್ಯನದು ಸಂಪತ್ತನ್ನು. ಶೂದ್ರನ ಹೆಸರು ಮಾತ್ರ ಹೀನವಾಗಿರಬೇಕು. ಶೂದ್ರನಿಗೇ ಇದು ಗತಿಯಾದರೆ ನಾಲ್ಕು ವರ್ಣಗಳ ಆಚೆ ನಿಲ್ಲಿಸಿದ ನಮ್ಮ ಹಿರಿಯರಿಗೆ ಯಾವ ಹೆಸರು ಸಿಕ್ಕಿರಬೇಕು? ಹಳೇ ಮತದಾರರ ಪಟ್ಟಿ ತೆಗೆದು ನೋಡಿ, ಗೊತ್ತಾಗುತ್ತದೆ. ಅದೇ ಕೈ ಊರಿಗೂ ಗೆರೆ ಎಳೆಯಿತು. ಅಗ್ರಹಾರ ನೀರಿನ ಹತ್ತಿರ, ಕೇರಿ ಊರ ಹೊರಗೆ. ಕೇರಿಯ ಹೆಸರೇ ಜಾತಿಯ ಹೆಸರು. ಹೊಲಗೇರಿ ಅಂದರೆ ಸಾಕು, ವಿಳಾಸವೂ ಆಯಿತು, ಜಾತಿ ಸರ್ಟಿಫಿಕೇಟೂ ಆಯಿತು, ಅವಮಾನವೂ ಆಯಿತು.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ರೋಗವಲ್ಲ. ಆಟದಲ್ಲಿ ಹಸಿರು, ನೀಲಿ, ಹಳದಿ ಬಳಿಯುತ್ತೇವೆ ಎಂದೆವಲ್ಲ, ಅಮೆರಿಕದಲ್ಲಿ ಒಂದು ಸರ್ಕಾರಿ ಸಂಸ್ಥೆ ನಿಜವಾದ ಊರುಗಳ ಮೇಲೆಯೇ ಬಣ್ಣ ಬಳಿದಿತ್ತು. 1930ರ ದಶಕದಲ್ಲಿ ಮನೆ ಸಾಲ ನೋಡಿಕೊಳ್ಳಲು ಹುಟ್ಟಿದ ‘ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್’ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಒಂದೊಂದು ಬಡಾವಣೆಗೂ ದರ್ಜೆ. ಎ ದರ್ಜೆಗೆ ಹಸಿರು, ಬಿ ದರ್ಜೆಗೆ ನೀಲಿ, ಸಿ ದರ್ಜೆಗೆ ಹಳದಿ, ಡಿ ದರ್ಜೆಗೆ ಕೆಂಪು. ಕರಿಯರು ವಾಸಿಸುವ ಬಡಾವಣೆಗಳು ಕೆಂಪಾದವು. ಕೆಂಪು ಅಂದರೆ ಇಲ್ಲಿಗೆ ಸಾಲ ಕೊಡುವುದು ಅಪಾಯ ಎಂದು ಅರ್ಥ. ಸಾಲ ಸಿಗದ ಕಡೆ ಮನೆ ರಿಪೇರಿಯಾಗುವುದಿಲ್ಲ. ಮನೆ ಹಾಳಾದ ಕಡೆ ನೆಲದ ಬೆಲೆ ಬೀಳುತ್ತದೆ. ಬೆಲೆ ಬಿದ್ದದ್ದನ್ನು ತೋರಿಸಿ, ನೋಡಿ, ನಾವು ಹೇಳಿದ್ದು ಸರಿಯಾಗಿತ್ತು ಎನ್ನುತ್ತಾರೆ. ಮನೆ ಮಾರುವಲ್ಲಿ, ಬಾಡಿಗೆ ಕೊಡುವಲ್ಲಿ, ಸಾಲ ಕೊಡುವಲ್ಲಿ ಬಣ್ಣ ನೋಡಿ ಭೇದ ಮಾಡಕೂಡದು ಎಂಬ ಕಾನೂನು ಅಲ್ಲಿ ಬಂದದ್ದು 1968ರಲ್ಲಿ. ಆಟದ ಬಣ್ಣಗಳಿಗೂ ಆ ನಕ್ಷೆಯ ಬಣ್ಣಗಳಿಗೂ ಸಂಬಂಧವಿಲ್ಲ, ಅದು ಬರೀ ಕಾಕತಾಳೀಯ. ಆದರೆ ಮೇಲಿನಿಂದ ಬಣ್ಣ ಬಳಿಯುವ ಕೈಯ ಸುಖ ಎರಡು ಕಡೆಯೂ ಒಂದೇ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಊರು ಕಟ್ಟುವ ಆಟಗಳ ಮೂಲಪುರುಷ ಎನ್ನಿಸಿಕೊಂಡಿರುವುದು 1989ರಲ್ಲಿ ವಿಲ್ ರೈಟ್ ಎಂಬಾತ ಮಾಡಿದ ‘ಸಿಮ್ ಸಿಟಿ’. ಅವನ ಮೇಲೆ ಪ್ರಭಾವ ಬೀರಿದ್ದು ಜೇ ಫಾರೆಸ್ಟರ್ ಎಂಬ ಎಂಜಿನಿಯರ್ 1969ರಲ್ಲಿ ಪ್ರಕಟಿಸಿದ ‘ಅರ್ಬನ್ ಡೈನಾಮಿಕ್ಸ್’ ಎಂಬ ಪುಸ್ತಕ. ಇಡೀ ನಗರವನ್ನು ಸಮೀಕರಣಗಳಲ್ಲಿ ಕೂರಿಸಿ ಕಂಪ್ಯೂಟರಿನಲ್ಲಿ ಓಡಿಸಿದ ಫಾರೆಸ್ಟರ್ ಕೊನೆಗೆ ಹೇಳಿದ್ದೇನು? ಬಡವರಿಗೆ ಸರ್ಕಾರ ಅಗ್ಗದ ಮನೆ ಕಟ್ಟಿಕೊಟ್ಟರೆ ನಗರ ಹಾಳಾಗುತ್ತದೆ. ಕೊಳಚೆ ಮನೆಗಳನ್ನು ಕೆಡವಿ ಉದ್ಯಮಕ್ಕೆ ಜಾಗ ಮಾಡಿದರೆ ನಗರ ಉದ್ಧಾರವಾಗುತ್ತದೆ ಎಂದು. ಯಂತ್ರ ಹೇಳಿದ್ದಲ್ಲವೆ, ಯಂತ್ರಕ್ಕೇನು ಜಾತಿಯೆ ಅಂತ ನಂಬುವವರು ನಂಬಿದರು. ಆದರೆ ಯಂತ್ರಕ್ಕೆ ಲೆಕ್ಕ ಬರೆದುಕೊಟ್ಟವನು ಮನುಷ್ಯ. ಸ್ಕೈಲೈನ್ಸ್ ಆಟದಲ್ಲಿ ಇದೇ ಲೆಕ್ಕ ಇದೆ ಅಂತ ನಾವು ಹೇಳುತ್ತಿಲ್ಲ. ಅದು ಆ ವಂಶದ ದೂರದ ಮೊಮ್ಮಗು. ಅದರ ದೋಷ ಬೇರೆ. ಅಲ್ಲಿ ಕೇರಿಯನ್ನು ಕೆಡವುವ ಮಾತೇ ಬರುವುದಿಲ್ಲ, ಯಾಕಂದರೆ ಕೇರಿಯೇ ಇಲ್ಲ. ಕಸದ ಲಾರಿ ತಾನಾಗಿ ಓಡುತ್ತದೆ, ಕೊಳಚೆ ನೀರು ಪೈಪಿನಲ್ಲಿ ತಾನಾಗಿ ಹೋಗುತ್ತದೆ. ಗುಂಡಿಗೆ ಇಳಿಯುವವನು ಯಾರೂ ಇಲ್ಲ. ಆ ಊರು ಸ್ವಚ್ಛವಾಗಿರುವುದು ಜಾತಿ ನಾಶವಾದದ್ದರಿಂದ ಅಲ್ಲ, ಜಾತಿ ಮಾಡುವ ಕೆಲಸವನ್ನು ತೋರಿಸದೆ ಇರುವುದರಿಂದ.

4

ಹೆಸರಿಗೆ ತೂಕವಿಲ್ಲದ ಊರನ್ನು ನೋಡಿದ್ದಾಯಿತು. ಈಗ ಹೆಸರಿಗೆ ಹೆಣದ ತೂಕ ಬಂದ ಊರುಗಳನ್ನು ನೋಡೋಣ.

ತಮಿಳುನಾಡಿನಲ್ಲಿ ಸರ್ಕಾರಿ ಬಸ್ಸು ಓಡಿಸುತ್ತಿದ್ದದ್ದು ಒಂದೇ ನಿಗಮವಲ್ಲ, ಹಲವು. ಪಲ್ಲವನ್, ಚೇರನ್, ಚೋಳನ್, ಪಾಂಡಿಯನ್ ಎಂದು ರಾಜವಂಶಗಳ ಹೆಸರಿನವು ಕೆಲವು, ಕಟ್ಟಬೊಮ್ಮನ್ ಥರದ ವೀರರ ಹೆಸರಿನವು, ನಾಯಕರ ಹೆಸರಿನವು ಕೆಲವು. ಜಿಲ್ಲೆಗಳಿಗೂ ನಾಯಕರ ಹೆಸರಿದ್ದವು. 1997ರಲ್ಲಿ ಕರುಣಾನಿಧಿಯವರ ಸರ್ಕಾರ ವಿರುದುನಗರ ಕಡೆಯ ಹೊಸ ನಿಗಮವೊಂದಕ್ಕೆ ವೀರನ್ ಸುಂದರಲಿಂಗಂ ಹೆಸರಿಟ್ಟಿತು. ಸುಂದರಲಿಂಗಂ ಕಟ್ಟಬೊಮ್ಮನ್ ಜೊತೆ ನಿಂತು ಹೋರಾಡಿದ ವೀರ. ಪಳ್ಳರ್ ಸಮುದಾಯದಲ್ಲಿ ಹುಟ್ಟಿದವನು. ಪ್ರಬಲ ತೇವರ್ ಜಾತಿಯ ಮಂದಿ ಈ ಹೆಸರಿನ ಬಸ್ಸನ್ನು ನಾವು ಹತ್ತುವುದಿಲ್ಲ ಎಂದರು. ದಕ್ಷಿಣದ ಜಿಲ್ಲೆಗಳಲ್ಲಿ ಗಲಭೆಯಾಯಿತು, ಜೀವಗಳು ಹೋದವು. ಕೊನೆಗೆ ಸರ್ಕಾರ ಏನು ಮಾಡಿತು? ಎಲ್ಲ ಸಾರಿಗೆ ನಿಗಮಗಳಿಂದಲೂ ಎಲ್ಲ ಜಿಲ್ಲೆಗಳಿಂದಲೂ ನಾಯಕರ ಹೆಸರುಗಳನ್ನೇ ತೆಗೆದುಹಾಕಿತು. ಒಬ್ಬ ಸುಂದರಲಿಂಗಂ ಹೆಸರನ್ನು ಹೊರಲಾರದೆ ಇಡೀ ರಾಜ್ಯದ ಬೋರ್ಡುಗಳನ್ನು ಅಳಿಸಬೇಕಾಯಿತು.

ಯೋಚನೆ ಮಾಡಿ. ಬಸ್ಸು ಅದೇ. ಸೀಟು ಅದೇ. ಟಿಕೆಟ್ಟಿನ ದರ ಅದೇ. ಮುಟ್ಟುವ ಊರು ಅದೇ. ಆಟದ ಲೆಕ್ಕದಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಬಸ್ಸಿನ ಮೈಮೇಲಿನ ನಾಲ್ಕು ಅಕ್ಷರ ಮಾತ್ರ. ಆ ನಾಲ್ಕು ಅಕ್ಷರದ ಕೆಳಗೆ ಕೂತು ಪ್ರಯಾಣ ಮಾಡುವುದು ಮೈಲಿಗೆ ಎನ್ನಿಸಿದವರಿಗೆ ಮನೆಯಿಂದ ಪೇಟೆಗೆ ಹೋಗುವ ತುರ್ತು ಕೂಡ ದೊಡ್ಡದಾಗಲಿಲ್ಲ.

2022ರಲ್ಲಿ ಆಂಧ್ರದಲ್ಲಿ ಇದೇ ಮಾತು ಇನ್ನೊಂದು ರೂಪದಲ್ಲಿ ಬಂತು. ಏಪ್ರಿಲ್ 4ರಂದು ಕೋನಸೀಮ ಎಂಬ ಹೊಸ ಜಿಲ್ಲೆ ಹುಟ್ಟಿತು. ಅದಕ್ಕೆ ಬಾಬಾಸಾಹೇಬರ ಹೆಸರು ಸೇರಿಸಬೇಕೆಂಬ ಪ್ರಸ್ತಾಪ ಮೇ ತಿಂಗಳಲ್ಲಿ ಬಂದಾಗ, 24ರಂದು ಅಮಲಾಪುರಂ ಪಟ್ಟಣದಲ್ಲಿ ಬೆಂಕಿ ಬಿತ್ತು. ಮಂತ್ರಿಯೊಬ್ಬರ ಮನೆ ಸುಟ್ಟಿತು. ಜಿಲ್ಲೆಯ ಗೆರೆಯ ಬಗ್ಗೆ ಅಷ್ಟು ಕೋಪವಿರಲಿಲ್ಲ, ಹೆಸರಿನ ಬಗ್ಗೆ ಇತ್ತು. ಆದರೆ ಅಲ್ಲಿ ಸರ್ಕಾರ ಹಿಂದೆ ಸರಿಯಲಿಲ್ಲ. ಇವತ್ತು ಅದು ಡಾ. ಬಿ.ಆರ್. ಅಂಬೇಡ್ಕರ್ ಕೋನಸೀಮ ಜಿಲ್ಲೆಯೇ. 1997ರಲ್ಲಿ ಬೆಂಕಿಗೆ ಹೆದರಿ ಎಲ್ಲರ ಹೆಸರನ್ನೂ ಅಳಿಸಿದರು. 2022ರಲ್ಲಿ ಬೆಂಕಿ ಆರಿದ ಮೇಲೂ ಹೆಸರು ನಿಂತಿತು. ಎರಡರಲ್ಲಿ ಯಾವುದು ನ್ಯಾಯ?

ಎಲ್ಲರ ಹೆಸರನ್ನೂ ತೆಗೆದದ್ದು ಸಮಾನತೆಯೇ ಅಲ್ಲವೆ ಅಂತ ಕೇಳುವವರಿದ್ದಾರೆ. ಅವರ ಮಾತನ್ನು ಹಗುರಾಗಿ ತಳ್ಳಬಾರದು. ಹೆಸರು ಹೋದ ಮೇಲೂ ಬಸ್ಸು ಓಡಿತಲ್ಲ. ಹೆಣ ಬೀಳುವುದಕ್ಕಿಂತ ‘ಬಸ್ ಲೈನ್ 1’ ಮೇಲಲ್ಲವೆ? ಸಂಖ್ಯೆ ಯಾರನ್ನೂ ನೀನು ಯಾವ ಜನ ಅಂತ ಕೇಳುವುದಿಲ್ಲ. ನಮ್ಮಂಥವರು ಕಾಲೇಜಿನಲ್ಲಿ ಹಾಜರಿ ಕೂಗುವಾಗ ಹೆಸರಿಗಿಂತ ರೋಲ್ ನಂಬರು ಕೂಗಿದರೆ ಎಷ್ಟೋ ನೆಮ್ಮದಿ ಪಟ್ಟಿದ್ದೇವೆ. ಹೆಸರು ಕೂಗಿದ ಕೂಡಲೇ ತಿರುಗಿ ನೋಡುವ ಕಣ್ಣುಗಳು ನಂಬರು ಕೂಗಿದರೆ ತಿರುಗುವುದಿಲ್ಲ. ಸಂಖ್ಯೆಯ ನೆರಳು ತಂಪಾದದ್ದು. ಇದನ್ನು ನಾವು ಮರೆತು ಮಾತಾಡಬಾರದು.

ಆದರೂ ಅದು ನ್ಯಾಯವಲ್ಲ ಎಂದೇ ನಮ್ಮ ವಾದ. ಸುಂದರಲಿಂಗಂ ಹೆಸರು ಬರುವ ತನಕ ಬೇರೆ ಹೆಸರುಗಳು ವರ್ಷಗಟ್ಟಲೆ ಬಸ್ಸಿನ ಮೇಲೆ ಓಡಾಡಿದವು; ಆ ಬಸ್ಸುಗಳನ್ನು ಪಳ್ಳರೂ ಹತ್ತಿದರು, ಪರೈಯರೂ ಹತ್ತಿದರು, ಯಾರೂ ಇಳಿಯಲಿಲ್ಲ. ನಮ್ಮವನೊಬ್ಬನ ಹೆಸರು ಬಂದ ದಿನವೇ ಹೆಸರುಗಳೆಲ್ಲ ಬೇಡವಾದವು. ಪಂಕ್ತಿಯಲ್ಲಿ ನಾವು ಕೂತ ತಕ್ಷಣ ಊಟವನ್ನೇ ನಿಲ್ಲಿಸಿ, ನೋಡಿ, ಯಾರಿಗೂ ಬಡಿಸಲಿಲ್ಲ, ಎಲ್ಲರೂ ಸಮಾನ ಎನ್ನುವುದು ಯಾವ ಸಮಾನತೆ? ಅದು ಅವಮಾನ ಮಾಡಿದವನಿಗೂ ಅವಮಾನ ಉಂಡವನಿಗೂ ಒಂದೇ ದಂಡ ಹಾಕಿದ ಹಾಗೆ.

ಇದಕ್ಕೆ ಎದುರಾಗಿ ಲಂಡನ್ನಿನ ಒಂದು ಸಂಗತಿ ನೋಡಬಹುದು. ಅಲ್ಲಿ ಓವರ್‌ಗ್ರೌಂಡ್ ಎಂಬ ರೈಲುಮಾರ್ಗಗಳಿವೆ. ನಕ್ಷೆಯಲ್ಲಿ ಎಲ್ಲಕ್ಕೂ ಒಂದೇ ಕಿತ್ತಳೆ ಬಣ್ಣ, ಒಂದೇ ಹೆಸರು ಇತ್ತು. ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಜನ ತಬ್ಬಿಬ್ಬಾಗುತ್ತಿದ್ದರು. ನಮ್ಮ ಆಟಗಾರನಿಗೆ ಮೂವತ್ತು ಮಾರ್ಗಗಳಾದ ಮೇಲೆ ಬಂದ ಕಷ್ಟವೇ ಇದು. 2024ರ ಫೆಬ್ರವರಿಯಲ್ಲಿ ಆರು ಮಾರ್ಗಗಳಿಗೆ ಆರು ಹೆಸರು ಪ್ರಕಟಿಸಿದರು. ಅದರಲ್ಲಿ ಒಂದು ವಿಂಡ್‌ರಶ್. ಕೆರಿಬಿಯನ್ ದ್ವೀಪಗಳಿಂದ ಕರಿಯ ದುಡಿಮೆಗಾರರನ್ನು 1948ರಲ್ಲಿ ಇಂಗ್ಲೆಂಡಿಗೆ ತಂದ ಹಡಗಿನ ಹೆಸರು. ಇನ್ನೊಂದು ವೀವರ್, ಅಂದರೆ ನೇಕಾರ. ಆ ಮಾರ್ಗ ಹಾಯುವ ಕಡೆ ಬಟ್ಟೆ ನೇಯ್ದು, ಹೊಲಿದು ಬದುಕಿದವರ ನೆನಪಿಗೆ. ಮತ್ತೊಂದು ಸಫ್ರಜೆಟ್, ಮತದ ಹಕ್ಕಿಗೆ ಬೀದಿಗಿಳಿದ ಹೆಂಗಸರದು. ಇದೆಲ್ಲ ದುಡ್ಡು ದಂಡ ಎಂದು ಬೈದವರು ಅಲ್ಲೂ ಇದ್ದರು. ಆದರೆ ಅಲ್ಲಿ ಹೆಸರು ದಾರಿಯನ್ನೂ ತೋರಿಸಿತು, ಆ ದಾರಿಯಲ್ಲಿ ದುಡಿದವರನ್ನೂ ತೋರಿಸಿತು. ಉಪಕರಣವೂ ಆಯಿತು, ಮರ್ಯಾದೆಯೂ ಆಯಿತು. ಎರಡೂ ಒಟ್ಟಿಗೆ ಸಾಧ್ಯ.

5

ನಮ್ಮಲ್ಲೇ ಕೆಲವು ಗೆಳೆಯರು ಬೇರೆ ಪ್ರಶ್ನೆ ಹಾಕುತ್ತಾರೆ. ಬೋರ್ಡು ಬದಲಾದರೆ ಹೊಟ್ಟೆ ತುಂಬುತ್ತದಾ? ಭೂಮಿ ಕೊಡಿ, ಕೆಲಸ ಕೊಡಿ, ಬಸ್ಸು ಬಿಡಿ. ಹೆಸರು ಯಾರದಾದರೂ ಇಟ್ಟುಕೊಳ್ಳಲಿ ಅಂತ. ಅವರ ಸಿಟ್ಟಿನಲ್ಲಿ ನಿಜ ಇದೆ. ಹೆಸರು ಕೊಟ್ಟು ನೆಲ ಕೊಡದೆ ಕಳಿಸುವ ವಿದ್ಯೆಯಲ್ಲಿ ನಮ್ಮ ಸರ್ಕಾರಗಳು ಪಳಗಿವೆ.

ಬಾಬಾಸಾಹೇಬರು ‘ಅವೇ ಫ್ರಮ್ ದ ಹಿಂದೂಸ್’ ಎಂಬ ಬರಹದಲ್ಲಿ ಹೆಸರಿನ ಪ್ರಶ್ನೆಯನ್ನು ಬಿಡಿಸಿ ನೋಡಿದ್ದಾರೆ. ಹೆಸರಿನಲ್ಲಿ ಏನಿದೆ ಎನ್ನುವವರಿಗೆ, ಬಹಳಷ್ಟು ಇದೆ ಎಂಬುದು ಅವರ ಉತ್ತರ. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳುತ್ತಾರೆ. ಅದೇ ವ್ಯವಸ್ಥೆಯ ಒಳಗೇ ಇದ್ದು ಹೆಸರು ಮಾತ್ರ ಬದಲಾಯಿಸಿದರೆ ಹಳೆಯದರ ಕಳಂಕ ಹೊಸದಕ್ಕೂ ಹತ್ತುತ್ತದೆ. ಅವರ ಮಾತು ಎಷ್ಟು ಖರೆ ಅನ್ನೋದಕ್ಕೆ ‘ಕಾಲೋನಿ’ ಎಂಬ ಒಂದು ಪದ ಸಾಕು. ಆಫೀಸರ್ಸ್ ಕಾಲೋನಿ ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಹಳ್ಳಿಯಲ್ಲಿ ‘ಅವರು ಕಾಲೋನಿಯೋರು’ ಅಂದರೆ ಚಹಾದ ಲೋಟ ಬೇರೆಯಾಗುತ್ತದೆ. ಹೊಲಗೇರಿ ಹೋಗಿ ಎ.ಕೆ. ಕಾಲೋನಿ ಬಂತು, ಜನತಾ ಕಾಲೋನಿ ಬಂತು. ಪದ ಇಂಗ್ಲಿಷಿನದು, ನಾತ ಹಳೆಯದು.

ಈ ನಾತ ಸರ್ಕಾರಗಳ ಮೂಗಿಗೂ ಬಡಿದಿದೆ. ಮಹಾರಾಷ್ಟ್ರದ ಮಂತ್ರಿಮಂಡಲ 2020ರ ಡಿಸೆಂಬರಿನಲ್ಲಿ ಜಾತಿಯ ಹೆಸರಿನ ವಾಡೆಗಳಿಗೆ ಸಮತಾನಗರ, ಭೀಮನಗರ, ಜ್ಯೋತಿನಗರ ಥರದ ಹೆಸರಿಡಲು ತೀರ್ಮಾನಿಸಿತು. ಕೇರಳದಲ್ಲಿ 2024ರ ಜೂನಿನಲ್ಲಿ ಮಂತ್ರಿ ಕೆ. ರಾಧಾಕೃಷ್ಣನ್ ಅಧಿಕಾರ ಬಿಡುವ ಮುಂಚೆ ದಲಿತರ, ಆದಿವಾಸಿಗಳ ನೆಲೆಗಳಿಗೆ ‘ಕಾಲೋನಿ’ ಎಂಬ ಪದ ಬಳಸಕೂಡದೆಂದು ಆದೇಶ ಮಾಡಿದರು. ತಮಿಳುನಾಡು 2025ರ ಏಪ್ರಿಲಿನಲ್ಲಿ ಆ ಪದವನ್ನು ಸರ್ಕಾರಿ ದಾಖಲೆಗಳಿಂದ ತೆಗೆಯುವುದಾಗಿ ಪ್ರಕಟಿಸಿತು. 1997ರಲ್ಲಿ ಹೆಸರುಗಳನ್ನು ಅಳಿಸಿದ ರಾಜ್ಯವೇ ಇದು. ಆ ಅಳಿಸುವಿಕೆಗೂ ಈ ಅಳಿಸುವಿಕೆಗೂ ಭೂಮಿ ಆಕಾಶದ ಅಂತರ ಇದೆ. ಮೊದಲನೆಯದು ನಮ್ಮ ಗೌರವವನ್ನು ಅಳಿಸಿತು, ಎರಡನೆಯದು ನಮ್ಮ ಮೇಲೆ ಒತ್ತಿದ ಬರೆಯನ್ನು ಅಳಿಸಲು ಹೊರಟಿದೆ. ನಾವು ಸ್ವಾಗತಿಸೋಣ. ಸ್ವಾಗತಿಸಿದ ಮೇಲೆ ಸುಮ್ಮನೆ ಕೂರದೆ ಕೇಳೋಣ: ಸಮತಾನಗರದ ಒಳಕ್ಕೆ ಬಸ್ಸು ಬರುತ್ತದಾ?

ಯಾಕೆಂದರೆ ಎಷ್ಟೋ ಊರುಗಳಲ್ಲಿ ಬಸ್ಸು ಬರುವುದು ಊರ ಬಾಗಿಲ ತನಕ. ಅರಳಿಕಟ್ಟೆಯ ಹತ್ತಿರ ತಿರುಗಿಸಿಕೊಂಡು ಹೋಗುತ್ತದೆ. ಕೇರಿಯವರು ಅಲ್ಲಿಗೆ ನಡೆದು ಬಂದು, ಕಟ್ಟೆಯ ಮೇಲೆ ಕೂರದೆ, ಬಿಸಿಲಲ್ಲಿ ನಿಂತು ಕಾಯಬೇಕು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆಯಾಯಿತು. ಕೂಲಿಯ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಆದರೆ ಆಟದಲ್ಲಿ ಒಂದು ಪಾಠ ಇದೆ. ಬಡಾವಣೆಗೆ ಪುಕ್ಕಟೆ ಬಸ್ಸಿನ ಕಾನೂನು ಹಾಕಿ, ಅಲ್ಲಿಗೆ ಮಾರ್ಗವನ್ನೇ ಎಳೆಯದಿದ್ದರೆ ಒಬ್ಬನೂ ಹತ್ತುವುದಿಲ್ಲ. ಬಾರದ ಬಸ್ಸಿನ ಟಿಕೆಟ್ಟು ಎಷ್ಟು ಅಗ್ಗವಾದರೇನು? ಹೆಸರು ಇದ್ದು ಬಸ್ಸು ಇಲ್ಲದಿದ್ದರೆ ಅದು ಮೋಸ. ಬಸ್ಸು ಇದ್ದು ಹೆಸರು ಅವಮಾನದ್ದೇ ಆದರೆ ಅದು ಭಿಕ್ಷೆ. ನಮಗೆ ಎರಡೂ ಬೇಡ.

6

ಹಾಗಾದರೆ ಹೆಸರಿಡುವ ಹಕ್ಕು ಯಾರದು? ಆ ಹೆಸರನ್ನು ಹೊತ್ತು ಬದುಕಬೇಕಾದವರದು, ಇದು ನಮ್ಮ ಉತ್ತರ. ಕೊಡುವವನ ಮನಸ್ಸು ಎಷ್ಟು ಒಳ್ಳೆಯದಾದರೂ ಸಾಲದು. ಗಾಂಧೀಜಿ ಒಳ್ಳೆಯ ಮನಸ್ಸಿನಿಂದಲೇ ‘ಹರಿಜನ’ ಎಂದರು. ಹೊತ್ತವರಿಗೆ ಅದು ಬೇಡವಾಯಿತು, ‘ದಲಿತ’ ಎಂದು ತಾವೇ ಕರೆದುಕೊಂಡರು. ಸುಂದರಲಿಂಗಂ ಜನ ಇಂದು ತಮ್ಮನ್ನು ಪಳ್ಳರ್ ಎನ್ನಬೇಡಿ, ದೇವೇಂದ್ರಕುಲ ವೇಳಾಳರ್ ಎನ್ನಿ ಎನ್ನುತ್ತಾರೆ. 2021ರಲ್ಲಿ ಪಾರ್ಲಿಮೆಂಟು ಆ ಹೆಸರನ್ನು ಕಾನೂನಿನಲ್ಲಿ ಬರೆಯಿತು. ಅವರು ಆರಿಸಿಕೊಂಡ ಹೆಸರು ನಮಗೆ ಒಪ್ಪಿಗೆಯೋ ಅಲ್ಲವೋ ಎಂಬುದು ಬೇರೆ ಚರ್ಚೆ. ಆರಿಸಿಕೊಳ್ಳುವ ಹಕ್ಕು ಅವರದು ಎಂಬುದರಲ್ಲಿ ಚರ್ಚೆಯಿಲ್ಲ.

ಬೋರ್ಡಿನ ಹೆಸರು ಬಾಯಿಗೆ ಬರಬೇಕಾದರೂ ಇದೇ ದಾರಿ. ಬೆಂಗಳೂರಿನ ಮೆಟ್ರೋ ಮಾರ್ಗಗಳಿಗೆ ನೇರಳೆ, ಹಸಿರು, 2025ರ ಆಗಸ್ಟಿನಿಂದ ಹಳದಿ ಎಂದು ಬಣ್ಣಗಳ ಹೆಸರು. ನಿಲ್ದಾಣಗಳಿಗೆ ಮಾತ್ರ ದೊಡ್ಡವರ ಹೆಸರುಗಳಿವೆ. ಬೋರ್ಡಿನಲ್ಲಿ ‘ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ’ ಎಂದಿದೆ. ಜನ ಏನೆನ್ನುತ್ತಾರೆ? ವಿಧಾನಸೌಧದಲ್ಲಿ ಇಳೀತೀನಿ ಎನ್ನುತ್ತಾರೆ. ಕೆಂಪೇಗೌಡರ ಹೆಸರಿನ ನಿಲ್ದಾಣವನ್ನು ಮೆಜೆಸ್ಟಿಕ್ ಎನ್ನುತ್ತಾರೆ. ಮೆಜೆಸ್ಟಿಕ್ ಯಾವ ಸರ್ಕಾರವೂ ಇಟ್ಟ ಹೆಸರಲ್ಲ. ಒಂದು ಟಾಕೀಸಿನ ಹೆಸರು ಜನರ ಬಾಯಲ್ಲಿ ಊರಾಯಿತು. ಬಾಯಿಯ ಈ ಶಕ್ತಿ ಆಟದಲ್ಲಿ ಇಲ್ಲ. ಅಲ್ಲಿ ಮೇಲಿನವನು ಬರೆದದ್ದೇ ಹೆಸರು, ಕೆಳಗಿನವನು ಅದನ್ನು ಮೊಟಕುಮಾಡಲಾರ, ಅಣಕಿಸಲಾರ, ತಿರಸ್ಕರಿಸಲಾರ. ನಿಜವಾದ ಊರಿನಲ್ಲಿ ಇವೆಲ್ಲ ಸಾಧ್ಯ. ನಮ್ಮ ಭರವಸೆಯೂ ಅಲ್ಲೇ ಇದೆ, ಅಪಾಯವೂ ಅಲ್ಲೇ ಇದೆ. ಬಾಯಿ ಬಾಬಾಸಾಹೇಬರ ಹೆಸರನ್ನು ಜಾರಿಸಿಬಿಡಬಹುದು. ಅದೇ ಬಾಯಿ ಹೇಳಿ ಹೇಳಿ ಅದನ್ನು ನಿಲ್ಲಿಸಲೂಬಹುದು. ನಿಲ್ದಾಣದ ಹೆಸರನ್ನು ಪೂರಾ ಹೇಳಿ ಟಿಕೆಟ್ಟು ಕೇಳುವುದು ಒಂದು ಚಳವಳಿಯೇ. ಖರ್ಚಿಲ್ಲದ್ದು, ದಿನಾ ಮಾಡಬಹುದಾದದ್ದು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ನಾಲ್ಕನೇ ತರಗತಿಯ ಮಕ್ಕಳಿಗೆ ಊರಿನ ನಕ್ಷೆ ಬರೆಯಲು ಹೇಳಿ. ಪಂಚಾಯ್ತಿಯ ಗೋಡೆಯ ಮೇಲಿನ ನಕ್ಷೆ ನೋಡಿ ಅಲ್ಲ, ತಾವು ನಡೆಯುವ ಕಾಲಿನ ಲೆಕ್ಕದಲ್ಲಿ ಬರೆಯಲಿ. ಯಾವ ಬೀದಿಗೆ ಯಾವ ಹೆಸರು, ಅದನ್ನು ಯಾರು ಕರೆಯುತ್ತಾರೆ, ಅಲ್ಲಿರುವವರು ತಮ್ಮ ಬೀದಿಯನ್ನು ಏನೆಂದು ಕರೆದುಕೊಳ್ಳುತ್ತಾರೆ, ಬಸ್ಸು ಎಲ್ಲಿ ನಿಲ್ಲುತ್ತದೆ, ಅಲ್ಲಿಗೆ ತಮ್ಮ ಮನೆಯಿಂದ ಎಷ್ಟು ಹೆಜ್ಜೆ. ಜಾತಿ ಬಿಟ್ಟು ಬೇರೆ ಹೆಸರೇ ಇಲ್ಲದ ಬೀದಿ ಯಾವುದು ಎಂಬುದು ಆ ಹಾಳೆಯಲ್ಲಿ ತಾನಾಗಿ ಕಾಣುತ್ತದೆ. ಆ ಹಾಳೆಗಳನ್ನು ಗ್ರಾಮಸಭೆಯಲ್ಲಿ ಇಡಿ. ಆ ಬೀದಿಯ ಹೆಂಗಸರು ಯಾವ ಹೆಸರು ಬೇಕು ಅಂತಾರೋ ಕೇಳಿ. ಅದೇ ಅರ್ಜಿಯಲ್ಲಿ ಬಸ್ಸಿನ ನಿಲ್ದಾಣವನ್ನೂ ಬರೆಯಿರಿ. ಎರಡು ಅರ್ಜಿ ಮಾಡಬೇಡಿ, ಒಂದೇ ಮಾಡಿ.

ಆಟ ಆಡುವ ಹುಡುಗರಿಗೂ ಒಂದು ಮಾತು. ಆಡಿ, ಬೇಡವೆನ್ನುವುದಿಲ್ಲ. ಮಾರ್ಗ ಹೇಗೆ ಕೂಡುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ, ಸಣ್ಣ ಬಸ್ಸು ದೊಡ್ಡ ರೈಲಿಗೆ ಜನರನ್ನು ಹೇಗೆ ತಂದುಕೊಡುತ್ತದೆ ಎಂಬುದನ್ನು ಅದು ಚೆನ್ನಾಗಿಯೇ ಕಲಿಸುತ್ತದೆ. ನಮ್ಮ ಜನ ಎಂಜಿನಿಯರುಗಳಾಗಬೇಕು, ಡಿಪೋ ಮ್ಯಾನೇಜರುಗಳಾಗಬೇಕು, ನಗರ ಯೋಜನೆಯ ಕುರ್ಚಿಯಲ್ಲಿ ಕೂರಬೇಕು. ಅಪ್ಪ ಅವ್ವ ಹೆಬ್ಬೆಟ್ಟು ಒತ್ತಿದ ಮನೆಯಿಂದ ಬಂದು ಡಿಗ್ರಿ ಹಿಡಿದ ನಾವು ನಾಳೆ ಆ ಕುರ್ಚಿಗೆ ಹತ್ತಿರವಾಗುತ್ತೇವೆ. ಬ್ರಶ್ಶು ನಮ್ಮ ಕೈಗೂ ಬರುತ್ತದೆ. ಮೇಲಿನಿಂದ ನೋಡಿದರೆ ಊರು ಬಹಳ ಚೆಂದ ಕಾಣುತ್ತದೆ; ಬಣ್ಣ ಬಳಿಯುವ ಆಸೆ ಯಾರ ಕೈಯನ್ನೂ ಬಿಡುವುದಿಲ್ಲ, ನಮ್ಮ ಕೈಯನ್ನೂ ಬಿಡುವುದಿಲ್ಲ. ಆ ದಿನ ನಾವು ಯಾರನ್ನು ಕೇಳಿ ಗೆರೆ ಎಳೆಯುತ್ತೇವೆ, ಯಾರನ್ನು ಕೇಳಿ ಹೆಸರು ಬರೆಯುತ್ತೇವೆ? ಈ ಪ್ರಶ್ನೆಗೆ ಉತ್ತರವನ್ನು ಕುರ್ಚಿ ಸಿಕ್ಕಿದ ಮೇಲೆ ಹುಡುಕಿದರೆ ತಡವಾಗುತ್ತದೆ. ಕೇರಿಯ ಮಣ್ಣು ಇನ್ನೂ ಕಾಲಲ್ಲಿ ಇರುವಾಗಲೇ ಇದನ್ನು ನಮ್ಮ ನಮ್ಮಲ್ಲಿ ಮಾತಾಡಿಕೊಳ್ಳೋಣ.